ಒಂದು ಹೇಳಿಕೆ, ನಾಲ್ಕು ಜಡೆ

ಆಗ ನನಗೆ ಎಪ್ಪತ್ತೊಂದು ವರ್ಷ. ಮೂರು ವರ್ಷದ ಹಿಂದಿನ ಮಾತು. ಹಲ್ಲು ಅರ್ಧ ಉದುರಿದ್ದವು, ನಾಲಿಗೆ ಪೂರ್ತಿ ಇತ್ತು. ಎರಡನೇ ಇಯತ್ತೆ ಕಲಿತವಳು ನಾನು. ಅಂಕಿ ಚೆನ್ನಾಗಿ ಬರುತ್ತವೆ, ಅಕ್ಷರವನ್ನು ಒಂದೊಂದೇ ಹಿಡಿದು ನಿಲ್ಲಿಸಬೇಕು. ಇಷ್ಟು ಬರೆಯಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ತಪ್ಪು ಕಂಡರೆ ಓದುವವರು ತಿದ್ದಿಕೊಂಡು ಮುಂದೆ ಹೋಗಲಿ, ನನ್ನನ್ನು ಕೇಳುವುದು ಬೇಡ.

ಹಾನಗಲ್ಲಿನ ನಮ್ಮ ಓಣಿಯಲ್ಲಿ ನಲವತ್ತು ವರ್ಷ ಹೇಳಿಕೆ ಹೇಳಿದವಳು ನಾನು. ಯಾರ ಮನೆಯಲ್ಲಿ ಬಸುರಿಗೆ ಕುಬಸ ಮಾಡಲಿ, ಕೂಸನ್ನು ತೊಟ್ಟಿಲಿಗೆ ಹಾಕಲಿ, ಆ ಮನೆಯವರು ಬೆಳಿಗ್ಗೆ ನನ್ನನ್ನು ಕರೆಸಿ ಕುಂಕುಮದ ಬಟ್ಟಲು ಕೈಗೆ ಕೊಡುತ್ತಿದ್ದರು. ನಾನು ಮನೆಮನೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, ಹೆಂಗಸರ ಹಣೆಗೆ ಕುಂಕುಮ ಹಚ್ಚಿ, “ಸಂಜಿಮುಂದ ಕುಬಸ ಐತಿ, ಬರ್ರೆವ್ವಾ” ಎಂದು ಹೇಳಿ ಬರಬೇಕು. ಅವರು “ಆತು” ಎಂದರೆ ಆ ಮನೆ ಮುಗಿಯಿತು. ಇದೇನು ಮಹಾ ಕೆಲಸ ಎನ್ನುವವರು ಒಂದು ದಿನ ಮಾಡಿ ನೋಡಲಿ. ಅರವತ್ತು ಮನೆ, ಅರವತ್ತು ನಮೂನೆಯ ಬಾಗಿಲು, ಇಪ್ಪತ್ತು ನಾಯಿ.

ಮೊಬೈಲು ಬಂದ ಮೇಲೆ ಈ ಕೆಲಸ ನಿಂತೇ ಹೋಯಿತು. ಈಗ ಗುಂಪಿಗೆ ಒಂದು ಸಂದೇಶ ಹಾಕಿದರೆ ಅರವತ್ತು ಮನೆಗೂ ಮುಟ್ಟುತ್ತದಂತೆ. ಮುಟ್ಟುತ್ತದೆ ನಿಜ, ಬರುವವರು ಮಾತ್ರ ಇಪ್ಪತ್ತು ಜನ. ನನಗೇನು, ಮೊಣಕಾಲು ಉಳಿಯಿತು.

ನನ್ನ ಸೊಸೆ ಮಾಡುವುದೂ ಹೇಳಿಕೆಯ ಕೆಲಸವೇ. ಇದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಮಗ ಅಕ್ಕಿ ಗಿರಣಿಗೆ ಹೋಗುತ್ತಾನೆ, ಸೊಸೆ ಮೊದಲು ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದಳು. ಅಲ್ಲಿಯೇ ಕಂಪ್ಯೂಟರ್ ಕಲಿತು, ಆ ಕೆಲಸ ಬಿಟ್ಟು, ನಮ್ಮ ಅಟ್ಟದ ಕೋಣೆಯಲ್ಲಿ ತನ್ನದೇ ಒಂದು ಸೇವೆ ನಡೆಸತೊಡಗಿದಳು. ಮದುವೆ ಸಾಮಾನು ಮಾರುವ ದೊಡ್ಡದೊಂದು ವೆಬ್‌ಸೈಟ್ ಇದೆ. ಶಿಗ್ಗಾಂವಿಯಲ್ಲೋ ಹಿರೇಕೆರೂರಿನಲ್ಲೋ ಕೂತವರು ಅದರಲ್ಲಿ ಮದುಮಗಳಿಗೆ ಮೊಗ್ಗಿನ ಜಡೆ ಬೇಕೆಂದು ಒತ್ತುತ್ತಾರೆ. ಆ ವೆಬ್‌ಸೈಟ್ ಸೊಸೆಯ ಸೇವೆಗೆ ಹೇಳುತ್ತದೆ. ಸೊಸೆಯ ಸೇವೆ ಜಡೆ ಹೆಣೆಯುವವರ ಫೋನಿಗೆ ಹೇಳುತ್ತದೆ. ಅಲ್ಲಿ ಗಂಟೆ ಬಾರಿಸಿ, ಪಕ್ಕದಲ್ಲಿಟ್ಟ ಸಣ್ಣ ಯಂತ್ರದಿಂದ ಬಸ್ ಟಿಕೀಟಿನಂಥ ಚೀಟಿ ಹೊರಗೆ ಬರುತ್ತದೆ. ಒಂದು ಕಡೆ ಏನೋ ಆದ ಕೂಡಲೇ ಇನ್ನೊಂದು ಕಡೆಗೆ ತಾನಾಗಿಯೇ ಹೇಳಿಕೆ ಹೋಗುವುದಕ್ಕೆ ವೆಬ್‌ಹುಕ್ ಎನ್ನುತ್ತಾರಂತೆ.

“ಅಂದ್ರ ಕುಂಕುಮ ಇಲ್ಲದ ಹೇಳಿಕಿ ಹೇಳಾಕಿ ನೀನು” ಎಂದೆ.

“ಹಂಗ ಅನ್ಕೋರಿ ಅತ್ತಿ” ಎಂದಳು, ಇನ್ನು ಮಾತು ಬೇಡ ಎನ್ನುವ ಹಾಗೆ.

ಜಡೆ ಹೆಣೆಯುವ ಮನೆ ಸವಣೂರಿನಲ್ಲಿತ್ತು. ಮೂವರು ಅಕ್ಕತಂಗಿಯರು. ಹಿರಿಯಳನ್ನು ಊರೆಲ್ಲ ಹೂವಿನ ಆಪಾ ಎಂದೇ ಕರೆಯುತ್ತಿತ್ತು. ಸವಣೂರಿನಲ್ಲಿ ಹಿಂದೂ ಮದುವೆಗೂ ಮುಸಲ್ಮಾನರ ಮದುವೆಗೂ ಹೂವು ಅವಳ ಕೈಯದೇ. ಮಂದಿಯ ಮುಂದೆ ಆಡುವುದಿಲ್ಲ, ಆದರೆ ಅವಳ ಜಡೆ ನೋಡಿದರೆ ನನ್ನ ನರೆಗೂದಲಿಗೂ ಒಂದು ಬೇಕು ಅನ್ನಿಸುತ್ತಿತ್ತು.

ಮೊದಲ ಸಲ ಕೆಟ್ಟದ್ದು ಶಿಗ್ಗಾಂವಿಯ ಮದುವೆಯಲ್ಲಿ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಹೇಳಿಕೆ ಹೋಗಬೇಕು. ಮಧ್ಯಾಹ್ನದೊಳಗೆ ಪೇಟೆಯಲ್ಲಿ ಮೊಗ್ಗು ಹಿಡಿಯದಿದ್ದರೆ ಮುಗಿಯಿತು. ಅವತ್ತು ಆಪಾಳ ಫೋನಿನಲ್ಲಿ ಚಾರ್ಜಿರಲಿಲ್ಲ. ಸೊಸೆಯ ಸೇವೆ ಮೂರು ನಿಮಿಷದಲ್ಲಿ ಮೂರು ಸಲ ಕರೆದು, ಯಾರೂ ಓಗೊಡಲಿಲ್ಲವೆಂದು ಸುಮ್ಮನಾಯಿತು. ಆ ಮಾತನ್ನು ಯಾರಿಗೂ ಹೇಳಲೂ ಇಲ್ಲ, ಒಳಗೆಲ್ಲೋ ಬರೆದಿಟ್ಟುಕೊಂಡಿತು. ಶಿಗ್ಗಾಂವಿಯ ಹುಡುಗಿ ಬೋಳು ಜಡೆಯಲ್ಲಿ ಮಂಟಪದಲ್ಲಿ ಕೂತಳು. ಮಲ್ಲಿಗೆಯ ಎರಡು ಮೊಳ ತಂದು ಪಿನ್ನು ಚುಚ್ಚಿದರಂತೆ.

ಸೊಸೆ ಊಟ ಬಿಟ್ಟು ಕೂತಿದ್ದಳು. ನಾನು ಕೇಳಿದೆ, “ಮೂರ ನಿಮಿಷಕ್ಕ ಬಿಟ್ಟ ಬಂತೇನು ನಿನ್ನ ಮಷೀನು? ನಮ್ಮ ಓಣ್ಯಾಗಿನ ನಾಯಿ ಸೈತ ಒಂದು ರೊಟ್ಟಿಗೆ ಅದಕ್ಕಿಂತ ಹೆಚ್ಚ ಹೊತ್ತು ಬಾಗಲಾ ಕಾಯ್ತೈತಿ.”

“ಮತ್ತ ಏನ್ ಮಾಡ್ಬೇಕಿತ್ರಿ?”

“ಹೂಂ ಅನ್ನೋತನಕ ಬಿಡಬಾರದು. ನಾ ಯಾವಾಗರ ಬಿಟ್ಟ ಬಂದೇನೇನು?”

ಅಷ್ಟು ಹೇಳಿ ನಾನು ಶೇಂಗಾ ಒಡೆಯಲು ಹೋದೆ. ಹೇಳಿಕೆಯ ಉಳಿದ ಕಟ್ಟಳೆಗಳನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಟ್ಟಕ್ಕೆ ಹೋಗಿ, ಆಪಾ ಫೋನಿನಲ್ಲಿ ‘ಹೂಂ’ ಎನ್ನುವ ಹಸಿರು ಗುಂಡಿ ಒತ್ತುವ ತನಕ ಗಂಟೆಗೊಮ್ಮೆ ಹೇಳಿಕೆ ಹೋಗುತ್ತಲೇ ಇರಲಿ ಎಂದು ಬರೆದಿಟ್ಟಳು. ನನ್ನ ಅರ್ಧ ಮಾತು ಪೂರ್ತಿ ಯಂತ್ರಕ್ಕೆ ಹೋಯಿತು.

ಮುಂದಿನದು ಆಡೂರಿನ ಮದುವೆ. ಆರು ಗಂಟೆಗೆ ಚೀಟಿ ಬಂತು, ಫೋನು ಮನೆಯಲ್ಲೇ ಇಟ್ಟು ಆಪಾ ಪೇಟೆಗೆ ಹೋದಳು. ಏಳಕ್ಕೆ ಇನ್ನೊಂದು ಚೀಟಿ. ಸಣ್ಣ ತಂಗಿ ಪೇಟೆಗೆ ಓಡಿದಳು: “ಆಪಾ, ಇನ್ನೊಂದು ಜಡಿ!” ಎಂಟಕ್ಕೆ ಮತ್ತೊಂದು. ಮತ್ತೆ ಓಡಿದಳು. ಒಂಬತ್ತಕ್ಕೆ ನಾಲ್ಕನೆಯದು ಬಂದಾಗ ಅವಳಿಗೆ ಓಡಲು ಉಸಿರಿಲ್ಲ, ಓಣಿಯ ತುದಿಯಿಂದಲೇ ನಾಲ್ಕು ಬೆರಳು ಎತ್ತಿ ತೋರಿಸಿದಳು. ನಾಲ್ಕೂ ಚೀಟಿಯಲ್ಲಿ ಊರು ಆಡೂರೇ. ಒಂದೇ ಊರು, ಒಂದೇ ದಿನ, ನಾಲ್ಕು ಜಡೆ ಎಂದರೆ ಏನು? ಆಪಾ ಬುದ್ಧಿವಂತೆ. ಸಾಮೂಹಿಕ ಮದುವೆ ಇರಬೇಕು ಎಂದು ತಿಳಿದಳು. ಮೊಗ್ಗಿನವನ ಬುಟ್ಟಿ ಬರಿದು ಮಾಡಿ, ಮನೆಗೆ ಬಂದು, ಆಮೇಲೆ ಹಸಿರು ಗುಂಡಿ ಒತ್ತಿದಳು. ಸಂಜೆಗೆ ನಾಲ್ಕು ಡಬ್ಬಿ ಆಡೂರಿಗೆ ಹೋದವು.

ಹುಡುಗಿಯ ಮನೆಯವರು ಹೂವು ಕೆಡಿಸಬಾರದೆಂದು ಉಳಿದ ಮೂರನ್ನು ಅವಳ ಮೂವರು ತಂಗಿಯರಿಗೆ ಮುಡಿಸಿದರು. ನಾಲ್ವರೂ ಬೆನ್ನು ತಿರುಗಿಸಿ ನಿಂತ ಫೋಟೋ ಒಂದು ಬಂತು. ವರನ ಸೋದರತ್ತೆ ಅಕ್ಷತೆ ಹಿಡಿದುಕೊಂಡು ಯಾರ ಹಿಂದೆ ನಿಂತಿದ್ದಳೋ ಅವಳು ಮದುಮಗಳಾಗಿರಲಿಲ್ಲ. ನಾನು ನಕ್ಕು ನಕ್ಕು ಕಂಬ ಹಿಡಿದೆ. ಸೊಸೆ ನಗಲಿಲ್ಲ.

ನಗದಿರಲು ಕಾರಣವಿತ್ತು. ವೆಬ್‌ಸೈಟಿನವರು ಆ ಬೆಳಿಗ್ಗೆ ಫೋನ್ ಮಾಡಿದ್ದರು. ಒಂದು ಮದುವೆಗೆ ಜಡೆ ಇಲ್ಲ, ಒಂದು ಮದುವೆಗೆ ನಾಲ್ಕು. ಮುಂದಿನ ವಾರ ಚಿಕ್ಕೇರೂರಿನ ಮದುವೆ ಇದೆ, ಅದೂ ಕೆಟ್ಟರೆ ನಿಮ್ಮ ಸಂಬಂಧ ಸಾಕು ಎಂದಿದ್ದರು. ಅವಳ ಸೇವೆಗೆ ಇದ್ದದ್ದು ಅದೊಂದೇ ವೆಬ್‌ಸೈಟ್.

“ಚಿಕ್ಕೇರೂರಿಂದೊಂದು ತಪ್ಪಿದ್ರ ಬಾಗಲಾ ಹಾಕ್ತೇನ್ರಿ” ಎಂದಳು. “ಝೆರಾಕ್ಸ್ ಅಂಗಡ್ಯಾವ್ರು ಮತ್ತ ಬಾ ಅನ್ನಾಕತ್ತಾರ.”

ಸೆರಗು ಸಿಕ್ಕಿಸಿಕೊಂಡು ಎದ್ದೆ. ಪ್ರೀತಿ ಅಲ್ಲ, ಹಾಗೆ ತಿಳಿಯಬೇಡಿ. ಬಿಡಬಾರದು ಎಂದು ಹೇಳಿದವಳು ನಾನು. ನಾಳೆ ಅವಳು ಝೆರಾಕ್ಸ್ ಅಂಗಡಿಯಲ್ಲಿ ಕೂತರೆ ಮಗ ನನ್ನ ಮುಖ ನೋಡಿಯೇ ಊಟ ಮಾಡಬೇಕಲ್ಲ.

“ನಡಿ ಸವಣೂರಿಗೆ” ಎಂದೆ. “ಆಕಿ ಹಸರು ಗುಂಡಿ ಮೊದ್ಲ ಯಾಕ ಒತ್ತಲಿಲ್ಲ, ಕೇಳೂಣು.”

ಬಂಕಾಪುರದಲ್ಲಿ ಬಸ್ಸು ಬದಲಿಸಿ ಹೋದೆವು. ಆಪಾಳ ಮನೆಯ ಪಡಸಾಲೆಯಲ್ಲಿ ಹೂವಿನ ಬಕೀಟು, ಬಾಳೆಯ ನಾರು, ಗೋಡೆಗೆ ಸಾಲು ಮೊಳೆ. ಒಂದೊಂದು ಮೊಳೆಗೆ ಒಂದೊಂದು ಚೀಟಿ ಚುಚ್ಚಿದ್ದರು. ಆಪಾಗೆ ಐವತ್ತಿರಬಹುದು, ಕೈಬೆರಳು ಮಾತ್ರ ಹದಿನೆಂಟರವು. ನಮ್ಮನ್ನು ಕೂರಿಸಿ ಚಹಾ ತಂದಳು.

“ತಂಗಿ, ಚೀಟಿ ಬಂದ ಕೂಡ್ಲೆ ಗುಂಡಿ ಒತ್ತಂತ ಈಕಿ ಹೇಳಿಲ್ಲೇನು?” ಎಂದೆ.

“ಹೇಳ್ಯಾಳಮ್ಮಾ. ಖರೇ ಅಂದ್ರ ಹೆಂಗ ಒತ್ಲಿ? ಪ್ಯಾಟ್ಯಾಗ ಮೊಗ್ಗು ಐತೋ ಇಲ್ಲೋ ಗೊತ್ತಿಲ್ಲ. ಮದುಮಗಳಿಗೆ ಹೂಂ ಅಂದು ಆಮ್ಯಾಲ ಇಲ್ಲ ಅಂದ್ರ ಪಾಪ ಯಾರ ತಲೀಗೆ? ನಮ್ಮಮ್ಮ ಇದ್ದಾಗಿಂದೂ ಹಂಗ. ಹೂವು ಬುಟ್ಟ್ಯಾಗ ಬೀಳೋತನಕ ಯಾರಿಗೂ ಹೂಂ ಅನ್ನಂಗಿಲ್ಲ.”

ಸೊಸೆ ನನ್ನ ಮುಖ ನೋಡಿದಳು, ನಾನು ಸೊಸೆಯ ಮುಖ ನೋಡಿದೆ. ಈಕೆಯ ನಿಯತ್ತೇ ಮೂರು ಜಡೆ ಹೆಚ್ಚಿಗೆ ಹೆಣೆದಿತ್ತು. ಸುಳ್ಳಿಯಾಗಿದ್ದರೆ ಆರಕ್ಕೇ ಹೂಂ ಎಂದು ಒತ್ತಿ ಮಲಗುತ್ತಿದ್ದಳು, ಯಂತ್ರವೂ ಸುಮ್ಮನಾಗುತ್ತಿತ್ತು.

ಆಗ ನನಗೆ ನಮ್ಮ ಓಣಿಯ ಒಂದು ಮನೆ ನೆನಪಾಯಿತು. ಆ ಮನೆಯ ಸೊಸೆ ಎಂದೂ ತಾನಾಗಿ “ಆತು” ಎಂದವಳಲ್ಲ. ಹೇಳಿಕೆ ಹೇಳಿದರೆ ಒಳಗೆ ಹೋಗಿ ಅತ್ತೆಯನ್ನು ಕೇಳಬೇಕು. ಅತ್ತೆಗೆ ಕಿವಿ ಕೇಳದು, ಅವಳು ಗಂಡನನ್ನು ಕೇಳಬೇಕು. ಗಂಡ ಹೊಲದಲ್ಲಿ. ಅಲ್ಲಿಯ ತನಕ ನನ್ನನ್ನು ಕೂರಿಸಿ ಅವಲಕ್ಕಿ ಕೊಡುತ್ತಿದ್ದರು. ಅವಲಕ್ಕಿ ಒಳ್ಳೆಯದೇ. ಆದರೆ ಒಂದು ಸಲ ನಾನಲ್ಲಿ ಕೂತ ಹೊತ್ತಿನಲ್ಲಿ ಹಿಂದಿನ ಓಣಿ ಪೂರ್ತಿ ಉಳಿಯಿತು, ಆ ಕುಬಸದಲ್ಲಿ ಆರತಿ ಎತ್ತಲು ಐದು ಮುತ್ತೈದೆಯರು ಕೂಡಲಿಲ್ಲ. ಮುಂದಿನ ಸಲ ಹೊಸ್ತಿಲಲ್ಲೇ ನಿಂತು ಹೇಳಿದೆ. ಅದನ್ನೇ ಆಪಾಗೂ ಹೇಳಿದೆ:

“ನೀ ಬರ್ತಿಯೋ ಬಿಡ್ತಿಯೋ ನನಗ ಬ್ಯಾಡ. ಹೇಳಿಕಿ ನಿನ್ನ ಕಿವೀಗೆ ಮುಟ್ಟಿತೋ ಇಲ್ಲೋ, ಅಷ್ಟ ಹೇಳು. ಬರೂದು ಬಿಡೂದು ಆಮ್ಯಾಲ ಕರೆಸಿದಾಕಿ ಕೂಡ ಮಾತಾಡು.”

ಸೊಸೆ ಚಹಾದ ಕಪ್ಪು ಕೆಳಗಿಟ್ಟಳು. “ಅತ್ತಿ, ಅದನ್ನ ಇನ್ನೊಮ್ಮೆ ಹೇಳ್ರಿ.”

“ಯಾಕ, ನಿನ್ನ ಕಿವಿನೂ ಹೋದುವೇನು?”

“ಹೇಳ್ರೀ ಅಂದ್ರ!”

ಹೇಳಿದೆ. ಅವಳು ಚೀಲದಿಂದ ವಹಿ ತೆಗೆದು ಬರೆದುಕೊಂಡಳು. ಗುಂಡಿ ಒಂದಲ್ಲ, ಎರಡು ಬೇಕು ಎಂದಳು. ಒಂದು ‘ಮುಟ್ಟಿತು’, ಅದನ್ನು ಚೀಟಿ ಕಂಡ ಕೂಡಲೇ ಒತ್ತುವುದು. ಇನ್ನೊಂದು ‘ಮಾಡುತ್ತೇನೆ’, ಅದನ್ನು ಮೊಗ್ಗು ಬುಟ್ಟಿಗೆ ಬಿದ್ದ ಮೇಲೆ ಒತ್ತುವುದು.

“ಮುಟ್ಟಿತು ಅನ್ನೂದ್ರಾಗ ಸುಳ್ಳೇನೈತಿ ತಂಗಿ?” ಎಂದು ಆಪಾಳನ್ನು ಕೇಳಿದೆ.

ಅವಳು ಯೋಚಿಸಿದಳು. “ಏನಿಲ್ಲಮ್ಮಾ. ಮುಟ್ಟಿದ್ದು ಮುಟ್ಟೇತಿ.”

ಅಲ್ಲಿಂದ ಬಸ್ಸಿನಲ್ಲಿ ಬರುವಾಗ ಸೊಸೆ ನನ್ನನ್ನು ಬಿಡಲಿಲ್ಲ. ಎರಡು ವರ್ಷ ಆಡದ ಮಾತು ಬಂಕಾಪುರದಿಂದ ಹಾನಗಲ್ಲಿನ ತನಕ ಆಡಿದಳು.

“ಬಾಗಲಾ ಹಾಕಿದ್ರ ಏನ್ ಮಾಡ್ತಿದ್ರಿ?”

“ನಿಂತ ಬಡೀತಿದ್ನೇನು? ನಾಯಿ ಬೆನ್ನ ಹತ್ತತಾವು. ಮುಂದಿನ ನಾಕು ಮನಿ ಮುಗಿಸಿ ಮತ್ತ ಬರ್ತಿದ್ದೆ. ಇನ್ನೂ ಇಲ್ಲಂದ್ರ ಓಣಿ ಮುಗಿಸಿ ಬರ್ತಿದ್ದೆ. ಇನ್ನೂ ಇಲ್ಲಂದ್ರ ಉಂಡು ಒಂದು ಜೊಂಪು ತಗೊಂಡು ಬರ್ತಿದ್ದೆ. ಹೊಳೀಗೆ ಹೋದಾಕಿ ತಾಸಿನ್ಯಾಗ ಬರ್ತಾಳ, ತವರಿಗೆ ಹೋದಾಕಿ ಸಂಜೀಕ ಬರ್ತಾಳ.”

“ಅಂದ್ರ ಸಲದಿಂದ ಸಲಕ್ಕ ಹೆಚ್ಚ ಹೊತ್ತು ಬಿಟ್ಟು.”

“ಮತ್ತೇನು? ನನಗೂ ಕಾಲ ಅದಾವು.”

“ಒಂದ ಮನೀಗೆ ಎರಡ ಸಲ ಹೇಳಿಕಿ ಆದ್ರ?”

ಅದೂ ಆಗುತ್ತಿತ್ತು. ಕುಬಸದ ಮನೆಯವಳ ತಂಗಿ ಉಮೇದಿನಿಂದ ತಾನೂ ಅರ್ಧ ಓಣಿ ತಿರುಗಿ ಬರುತ್ತಿದ್ದಳು. ಮಂದಿ ಎರಡು ಕುಬಸ ಎಂದು ತಿಳಿದು ಎರಡು ರವಿಕೆ ಖಣ ತರುತ್ತಿದ್ದರು. ಅದಕ್ಕೇ ನಾನು ಹೇಳಿಕೆ ಹೇಳಿದ ಮನೆಯ ಚಿಲಕಕ್ಕೆ ಒಂದು ಬೊಟ್ಟು ಇಡುತ್ತಿದ್ದೆ, ಕುಬಸಕ್ಕೆ ಬಲಕ್ಕೆ, ತೊಟ್ಟಿಲಿಗೆ ಎಡಕ್ಕೆ. ಎರಡನೇ ಸಲ ಯಾರಾದರೂ ಬಂದರೆ ಮನೆಯವರು ಚಿಲಕ ನೋಡಿ, ಇದು ಅದೇ ಎಂದು ತಿಳಿಯುತ್ತಿದ್ದರು.

“ಬೊಟ್ಟು ಅಂದ್ರ ನಂಬರು” ಎಂದು ಸೊಸೆ ತನ್ನಷ್ಟಕ್ಕೆ ಹೇಳಿಕೊಂಡು ಬರೆದಳು. “ಒಂದು ಜಡೀಗೆ ಒಂದ ನಂಬರು. ಅದ ನಂಬರು ಮತ್ತ ಹೋದ್ರ ಚೀಟಿ ಬರಬಾರದು.”

“ಚೀಟಿ ಬಂದ್ರೂ ಮೊಳಿ ನೋಡ್ಬೇಕಂತ ಆಪಾಗ ಹೇಳು. ಮಷೀನಿನ ಮ್ಯಾಲ ಏನ್ ಭರೋಸೆ.”

“ಆತ್ರಿ. ಮತ್ತ ಎಷ್ಟು ಸಲ ಹೋದ್ರೂ ಬಾಗಲಾ ತೆಗೀಲಿಲ್ಲಂದ್ರ?”

“ಕುಂಕುಮ ಕೊಟ್ಟಾಕಿಗೆ ಬಂದ ಹೇಳ್ಬೇಕು. ಈ ಮನಿ ಮುಟ್ಟಿಲ್ಲ, ನೀನ ಹೋಗವ್ವಾ ಅಂತ. ಮುಚ್ಚಿಟ್ಕೊಂಡು ಕುಂಡ್ರಬಾರದು, ನಿನ್ನ ಮಷೀನಿನಂಗ.”

“ನೀವು ಯಾವಾಗ್ಲೂ ಹೇಳ್ತಿದ್ರೇನ್ರಿ?”

“ಮತ್ತೇನು!”

ಇದು ಸುಳ್ಳು. ಒಂದು ಸಲ ಹೇಳಿರಲಿಲ್ಲ. ಮೂವತ್ತು ವರ್ಷದ ಹಿಂದೆ ಬಾವಿ ಮನೆಯ ಮಗಳ ಕುಬಸಕ್ಕೆ ಹೇಳುವಾಗ, ಹಿಂದಿನ ಓಣಿಯ ಹಂಚಿನ ಮನೆಗೆ ಮೂರು ಸಲ ಹೋಗಿದ್ದೆ, ಮೂರು ಸಲವೂ ಕೀಲಿ. ಬಿಸಿಲಿತ್ತು, ಕಾಲು ಸುಡುತ್ತಿತ್ತು. ಎಲ್ಲ ಮನೆಗೂ ಮುಟ್ಟಿತು ಎಂದು ಹೇಳಿ ಬಟ್ಟಲು ತಿರುಗಿ ಕೊಟ್ಟೆ. ಹಂಚಿನ ಮನೆಯವಳು ಬಾವಿ ಮನೆಯವಳ ಗೆಳತಿ. ನನ್ನನ್ನು ಬೇಕಂತಲೇ ಬಿಟ್ಟರು ಎಂದು ಅವಳು, ಕರೆದರೂ ಬರಲಿಲ್ಲ ಎಂದು ಇವಳು. ಮಾತು ಬಿಟ್ಟರು. ಬಾವಿ ಮನೆಯವಳು ಹಾಗೆಯೇ ತೀರಿಕೊಂಡಳು. ಹಂಚಿನ ಮನೆಯವಳಿಗೆ ನನ್ನ ಮೇಲೆ ಸಂಶಯವಿತ್ತು. ನಳದ ಹತ್ತಿರ ಕೊಡ ಅಡ್ಡ ಬಂದರೆ ಮಾತ್ರ ನನ್ನ ಜೊತೆ ಮಾತಾಡುತ್ತಿದ್ದಳು, ಅದೂ ಕೊಡಕ್ಕೆ.

ಬಸ್ಸಿನಲ್ಲಿ ಇದನ್ನೆಲ್ಲ ಹೇಳಲು ನನಗೇನು ಹುಚ್ಚೇ? ಕಿಟಕಿ ಕಡೆ ಮುಖ ಮಾಡಿ ನಿದ್ದೆ ಬಂದವಳ ಹಾಗೆ ಕೂತೆ.

ಸೊಸೆ ನಾಲ್ಕು ದಿನದಲ್ಲಿ ಎಲ್ಲ ಬದಲಿಸಿದಳು. ಹೇಳಿಕೆ ಆರಕ್ಕೆ ಹೋಗುತ್ತದೆ. ಮುಟ್ಟದಿದ್ದರೆ ಐದು ನಿಮಿಷ ಬಿಟ್ಟು, ಆಮೇಲೆ ಕಾಲು ತಾಸು, ಆಮೇಲೆ ಒಂದು ತಾಸು ಬಿಟ್ಟು. ಎಂಟರ ತನಕ ಮುಟ್ಟದಿದ್ದರೆ ನಮ್ಮ ಪಡಸಾಲೆಯ ಗೋಡೆಗೆ ಹಾಕಿದ ಹಳೆಯ ಟ್ಯಾಬಿನಲ್ಲಿ ಕೆಂಪು ಗೆರೆ ಬರುತ್ತದೆ, ಮೇಲೆ ನಂಬರು, ಪಕ್ಕದಲ್ಲಿ ಯಾವ ಮನೆಯೆಂಬುದರ ಚಿತ್ರ. ನನಗೆ ಓದಲು ತಡವಾಗುತ್ತದೆಂದು ಆಪಾಳ ಮನೆಗೆ ಹೂವಿನ ಚಿತ್ರ ಇಟ್ಟಳು. ಕೆಂಪಾದ ಮೇಲೂ ಮಧ್ಯಾಹ್ನ ಹನ್ನೆರಡಕ್ಕೆ ಕೊನೆಯದೊಂದು ಸಲ ಹೋಗಿ ನೋಡಲಿ ಎಂದು ನಾನೇ ಹಾಕಿಸಿದೆ. ತವರಿಗೆ ಹೋದವಳು ಬೇಗ ಬಂದರೂ ಬಂದಾಳು.

ಚಿಕ್ಕೇರೂರಿನ ಮದುವೆಯ ಹಿಂದಿನ ದಿನ ಬಂತು. ಅದೇ ದಿನ ನೋಡಿ ಸೊಸೆಯ ದವಡೆ ಹಲ್ಲಿನ ನೋವು ಎದ್ದದ್ದು. ವಾರದಿಂದ ತಡೆದುಕೊಂಡಿದ್ದಳಂತೆ, ಕೆನ್ನೆ ಬನ್ನಿನಷ್ಟು ಊದಿತ್ತು. ಮಗ ಮೊದಲ ಬಸ್ಸಿಗೇ ಹಾವೇರಿಗೆ ಕರೆದುಕೊಂಡು ಹೋದ. ಹೋಗುವಾಗಲೂ ಟ್ಯಾಬಿನ ಕಡೆ ಬೆರಳು ತೋರಿಸಿ, ಕೆನ್ನೆ ಹಿಡಿದುಕೊಂಡು ಹೋದಳು.

ನಾನು ಕುರ್ಚಿ ಹಾಕಿಕೊಂಡು ಟ್ಯಾಬಿನ ಮುಂದೆ ಕೂತೆ. ಎಂಟಕ್ಕೆ ಕೆಂಪು ಗೆರೆ ಬಂತು. ಹೂವಿನ ಚಿತ್ರ. ಏಳು, ಸೊನ್ನೆ, ನಾಲ್ಕು, ನಾಲ್ಕು, ಒಂದು.

ಆಪಾಗೆ ಫೋನ್ ಹಚ್ಚಿದೆ, ಬಂದ್ ಆಗಿತ್ತು. ಆ ಮನೆಯಲ್ಲಿ ಇದ್ದದ್ದು ಅದೊಂದೇ ಫೋನು. ಸೊಸೆಗೆ ಹಚ್ಚಿದೆ. ಎತ್ತಿದಳು, ಆದರೆ ಬಾಯಲ್ಲಿ ಡಾಕ್ಟರು ಅರಳೆ ತುಂಬಿದ್ದರು. ಅತ್ತ ಕಡೆಯಿಂದ ಬಂದದ್ದು ಮಾತಲ್ಲ, ಎಮ್ಮೆ ಕಲಗಚ್ಚು ಕುಡಿಯುವ ಸಪ್ಪಳ.

“ಕೆಂಪ ಗೆರಿ ಬಂದೈತಿ. ನಾ ಹೋಗ್ತೇನಿ. ನೀ ಬಾಯಿ ಮುಚ್ಕೊಂಡು ಕುಂಡ್ರು” ಎಂದೆ. ಮುಚ್ಚಿಕೊಳ್ಳಲು ಬರುವಂತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಐದು ಅಂಕಿ ಬರೆದೆ. ಒಂದೊಂದೂ ವಡೆಯಷ್ಟು ದೊಡ್ಡದು. ಕೆಳಗೆ ‘ಚಿಕೇರೂರು’ ಎಂದು ಬರೆದೆ. ಒತ್ತು ಬಿಟ್ಟಿತ್ತು, ಬಿಡಲಿ. ಹೊರಡುವಾಗ ಏನೋ ಅನ್ನಿಸಿ ದೇವರ ಮುಂದಿನ ಕುಂಕುಮದ ಬಟ್ಟಲನ್ನೂ ಸೆರಗಿಗೆ ಕಟ್ಟಿಕೊಂಡೆ. ರೂಢಿ, ಬೇರೇನಲ್ಲ.

ಬಸ್ಸಿನಲ್ಲಿ ಕಂಡಕ್ಟರು ಕೇಳಿದ, “ಎಲ್ಲೀಗಿ ಅಜ್ಜೀ, ಇಷ್ಟು ಅವಸರ?”

“ಹೇಳಿಕಿ ಹೇಳಾಕ.”

“ಫೋನ್ ಮಾಡಿದ್ರ ಆಗ್ತಿತ್ತಲ್ಲ.”

“ಫೋನು ಹತ್ತಲಾರದ್ದಕ್ಕ ಹೊಂಟೇನಪ್ಪಾ. ಬಂಕಾಪುರಕ್ಕ ಒಂದು ಕೊಡು.”

ಹನ್ನೊಂದಕ್ಕೆ ಹತ್ತಿಪ್ಪತ್ತು ನಿಮಿಷ ಇರುವಾಗ ಸವಣೂರು ಮುಟ್ಟಿದೆ. ಆಪಾ ಪಡಸಾಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಬೆಳಿಗ್ಗೆ ಹೂವಿಗೆ ನೀರು ಹೊಡೆಯುವಾಗ ಫೋನು ಬಕೀಟಿಗೆ ಬಿದ್ದಿತ್ತು. ಯಾರೋ ಹೇಳಿದರೆಂದು ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು.

ನಾನು ಹೊಸ್ತಿಲ ಹೊರಗೇ ನಿಂತೆ. “ಚಿಕ್ಕೇರೂರಿಗೆ ಒಂದು ಜಡಿ. ಒಂದ. ನಾಳೆ ಮದುವಿ. ಮುಟ್ಟಿತೇನು?”

“ಮುಟ್ಟಿತಮ್ಮಾ!” ಎಂದು ಎದ್ದಳು. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಪೇಟೆಗೆ ಓಡಿದಳು. ನನ್ನ ಕಾಗದವನ್ನು ಮೊಳೆಗೆ ಚುಚ್ಚಲು ತಂಗಿಗೆ ಹೇಳಿ ಹೋದಳು.

ಹನ್ನೆರಡಕ್ಕೆ ಮೊಗ್ಗು ಸುರಿದುಕೊಂಡು ಮೂವರೂ ಪೋಣಿಸಲು ಕೂತಿದ್ದರು. ನಾನೂ ನಾರು ಸೀಳುತ್ತಿದ್ದೆ. ಒಣಗಿತೋ ಎಂದು ನಡುವಿನ ತಂಗಿ ಫೋನು ಚಾಲೂ ಮಾಡಿ ನೋಡಿ, ತಿರುಗಿ ಅಕ್ಕಿಯಲ್ಲಿ ಹೂತಿದ್ದಳು. ಅಕ್ಕಿ ಡಬ್ಬಿಯೊಳಗಿಂದ ಗಂಟೆ ಬಾರಿಸಿತು. ಸಣ್ಣ ತಂಗಿ ಬೆಚ್ಚಿ ಕೈಯ ಮೊಗ್ಗು ಚೆಲ್ಲಿದಳು. ಮೂಲೆಯ ಯಂತ್ರ ಟಿಕ್ ಟಿಕ್ ಎಂದು ಚೀಟಿ ಉಗುಳಿತು.

“ಆಪಾ, ಇನ್ನೊ…” ಎಂದು ಅವಳು ಬಾಯಿ ತೆಗೆದಳು. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

ಯಂತ್ರದ ಲೆಕ್ಕಕ್ಕೆ ಆ ನಂಬರಿನ ಚೀಟಿ ಇದೇ ಮೊದಲನೆಯದು. ನಾನು ಬಾಯಲ್ಲಿ ಹೇಳಿದ್ದು ಅದಕ್ಕೇನು ಗೊತ್ತು? ಚೀಟಿ ತಡೆಯಲು ಸೊಸೆ ಮಾಡಿದ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. ಇಲ್ಲಿ ಇದ್ದದ್ದು ಮೊಳೆ, ಮತ್ತು ನನ್ನ ಕೈಬರಹ.

“ನಿಂದ್ರ ಹುಡುಗಿ” ಎಂದಳು ಆಪಾ. ಮಡಿಲಿನ ಮೊಗ್ಗು ಕೊಡವಿ ಎದ್ದು, ಚೀಟಿಯನ್ನು ಮೊಳೆಯ ಕಾಗದದ ಪಕ್ಕ ಹಿಡಿದಳು. ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. “ಏಳು… ಏಳು. ಸೊನ್ನಿ, ಸೊನ್ನಿ. ನಾಕು. ನಾಕು. ಒಂದು.” ಎರಡನ್ನೂ ಒಂದೇ ಮೊಳೆಗೆ ಚುಚ್ಚಿದಳು. “ಇದು ಅದ. ಕುಂತು ಪೋಣಿಸು.” ಆಮೇಲೆ ಫೋನು ತೆಗೆದು, ಅಕ್ಕಿ ಕೊಡವಿ, ‘ಮುಟ್ಟಿತು’ ಒತ್ತಿದಳು. ಬುಟ್ಟಿಯ ಕಡೆ ಒಮ್ಮೆ ನೋಡಿ, ಇನ್ನೊಂದನ್ನೂ ಒತ್ತಿದಳು.

ನಾಲ್ಕು ಗಂಟೆಗೆ ಜಡೆ ಮುಗಿಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹಾನಗಲ್ಲಿಗೆ ತಂದೆ. ಬಸ್ಸೆಲ್ಲ ಘಮ ಅನ್ನುತ್ತಿತ್ತು. ಪಕ್ಕದಲ್ಲಿ ಕೂತವಳು, “ಯಾರ ಮದುವೀರಿ?” ಎಂದಳು. “ನಂದ” ಎಂದೆ. ಮುಂದೆ ಕೇಳಲಿಲ್ಲ.

ಹಾನಗಲ್ಲಿನ ನಿಲ್ದಾಣದಲ್ಲಿ ಮದುಮಗಳ ಸೋದರಮಾವ ಚಿಕ್ಕೇರೂರಿನಿಂದ ಬೈಕಿನಲ್ಲಿ ಬಂದು ಕಾಯುತ್ತಿದ್ದ. ಆಡೂರಿನ ಸುದ್ದಿ ಅವನ ತನಕ ಹೋಗಿತ್ತು. ಡಬ್ಬಿ ಇಸಿದುಕೊಂಡು, ನನ್ನ ಬೆನ್ನ ಹಿಂದೆ ಇಣುಕಿದ.

“ಒಂದ ಐತಲ್ರಿ, ಅಮ್ಮಾ?”

“ಮನ್ಯಾಗ ಎಷ್ಟು ಮದುಮಕ್ಳು ಅದಾರ?”

“ಒಬ್ಬಾಕಿ.”

“ಹಂಗಾರ ಒಂದ. ಮುಟ್ಟಿತಂತ ಬಾಯಿಬಿಟ್ಟ ಹೇಳಪ್ಪಾ.”

“ಮುಟ್ಟಿತ್ರೀ” ಎಂದು ನಗುತ್ತ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೋದ.

ಸಂಜೆ ಸೊಸೆ ಬಂದಳು. ಒಂದು ಕೆನ್ನೆ ಸತ್ತಂತಿತ್ತು, ಮಾತು ಇನ್ನೂ ಬರುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಚಿಕ್ಕೇರೂರಿನಿಂದ ಫೋಟೋ ಬಂತು, ತೆರೆದ ಡಬ್ಬಿ, ಒಳಗೆ ಒಂದೇ ಜಡೆ. ಅದರ ಹಿಂದೆಯೇ ವೆಬ್‌ಸೈಟಿನವರದೂ ಏನೋ ಬಂತು. ಅದನ್ನು ಎರಡು ಸಲ ಓದಿ, ಸೊಸೆ ಟ್ಯಾಬಿನ ಪಕ್ಕದ ಪೆನ್ಸಿಲ್ ತೆಗೆದುಕೊಂಡು, ನನ್ನ ಕ್ಯಾಲೆಂಡರಿನ ಉಳಿದ ತುಂಡಿನ ಮೇಲೆ ಬರೆದು ಕೊಟ್ಟಳು. ನಾನು ಒಂದೊಂದೇ ಅಕ್ಷರ ಹಿಡಿದು ನಿಲ್ಲಿಸಿದೆ. ‘ಬಾಗಲಾ ಹಾಕೂದಿಲ್ಲ. ಝೆರಾಕ್ಸಿಗೆ ಹೋಗೂದಿಲ್ಲ. ಕೆಂಪು ಗೆರಿ ಇನ್ನ ನಿಮ್ಮ ಕೆಲಸ.’

“ಅಕ್ಷರ ಇನ್ನೊಂದೀಟು ದೊಡ್ಡದು ಬರೀಬೇಕು” ಎಂದೆ. ಅವಳು ಅರ್ಧ ಬಾಯಲ್ಲಿ ನಕ್ಕಳು, ಜೊಲ್ಲು ಸೋರಿತು.

ಮರುದಿನ ಬೆಳಿಗ್ಗೆ ಎದ್ದು ಮೊದಲು ಟ್ಯಾಬು ನೋಡಿದೆ. ಕೆಂಪು ಒಂದೂ ಇರಲಿಲ್ಲ. ಕುಂಕುಮದ ಬಟ್ಟಲು ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು. ಹಿಂದಿನ ಓಣಿಗೆ ಹೋಗಿ ಹಂಚಿನ ಮನೆಯ ಹೊಸ್ತಿಲ ಹೊರಗೆ ನಿಂತೆ. ಕೀಲಿ ಇರಲಿಲ್ಲ. ಅವಳು ಕಸಬರಿಗೆ ಹಿಡಿದೇ ಹೊರಗೆ ಬಂದಳು.

“ಏನು?” ಎಂದಳು.

“ಬಾವಿ ಮನಿ ಮಗಳ ಕುಬಸಕ್ಕ ಹೇಳಾಕ ಬಂದೇನಿ.”

“ತಲಿ ಕೆಟ್ಟೈತೇನು? ಆ ಕುಬಸದ ಕೂಸಿಗೆ ಮೂವತ್ತು ವರ್ಷ ಆತು. ಅದಕ್ಕ ಎರಡು ಮಕ್ಳು.”

“ಗೊತ್ತೈತಿ. ಮೂರು ಸಲ ಬಂದಿದ್ದೆ, ಕೀಲಿ ಇತ್ತು. ಮುಟ್ಟೇತಂತ ಆಕಿಗೆ ಸುಳ್ಳ ಹೇಳಿದ್ದೆ. ಆಕಿ ನಿನ್ನ ಕರ್ಯಾಕ ಹೇಳಿದ್ದು ಖರೆ. ಈಗರ ಮುಟ್ಟಿತೋ ಇಲ್ಲೋ ಅಷ್ಟ ಹೇಳು.”

ಅವಳು ಕಸಬರಿಗೆ ಕೆಳಗಿಡಲಿಲ್ಲ. ಬೈದಳು, ಇಲ್ಲಿ ಬರೆಯುವಂಥದಲ್ಲ. ಆಮೇಲೆ ಹಣೆ ಮುಂದೆ ಮಾಡಿದಳು. ಕುಂಕುಮ ಹಚ್ಚಿದೆ.

“ಮುಟ್ಟಿತು” ಎಂದಳು. “ಬಾ, ಚಹಾ ಕುಡ್ದ ಹೋಗು.”

ಹೇಳಿಕೆಗೆ ಹೋದವಳು ಯಾರ ಮನೆಯಲ್ಲೂ ಕೂರಬಾರದು. ಆದರೆ ಅವತ್ತು ಮುಂದೆ ಹೇಳಬೇಕಾದ ಮನೆ ಒಂದೂ ಉಳಿದಿರಲಿಲ್ಲ. ಒಳಗೆ ಹೋಗಿ ಕೂತೆ. ಸಕ್ಕರೆ ಕಡಿಮೆ ಇತ್ತು, ಕೇಳಿ ಹಾಕಿಸಿಕೊಂಡೆ.